ಯಂತ್ರದೊಡನೆ ಚದುರಂಗ: ಒಂದು ಉಪಾಯದ ಚರಿತ್ರೆ

ಚದುರಂಗವನ್ನಾಡುವ ಯಂತ್ರವೊಂದುಂಟೆಂಬ ಸುದ್ದಿಯು ಯೂರೋಪಿನಲ್ಲಿ ಮೊದಲು ಹಬ್ಬಿದ್ದು ಒಂದು ವಂಚನೆಯಿಂದ. 1770ರಲ್ಲಿ ವಿಯೆನ್ನಾ ನಗರದ ಆಸ್ಥಾನದಲ್ಲಿ, ಮರಿಯಾ ತೆರೇಸಾ ರಾಣಿಯ ಸಮ್ಮುಖದಲ್ಲಿ, ಕೆಂಪೆಲೆನ್ ಎಂಬ ಅಧಿಕಾರಿಯು ತುರುಕರ ಉಡುಪನ್ನು ತೊಟ್ಟ ಬೊಂಬೆಯೊಂದನ್ನು ತಂದು ನಿಲ್ಲಿಸಿದನು. ಬೊಂಬೆಯು ಕೈಯೆತ್ತಿ ಕಾಯಿಗಳನ್ನು ನಡೆಸುತ್ತಿದ್ದಿತು. ಒಳ್ಳೊಳ್ಳೆಯ ಆಟಗಾರರನ್ನೇ ಸೋಲಿಸುತ್ತಿದ್ದಿತು. ಪೆಟ್ಟಿಗೆಯ ಬಾಗಿಲುಗಳನ್ನು ತೆರೆದು ತೋರಿಸಿದಾಗ ಹಲ್ಲುಚಕ್ರಗಳ ಹೊರತು ಮತ್ತೇನೂ ಕಾಣುತ್ತಿರಲಿಲ್ಲ. ನಿಜದಲ್ಲಿ ಒಳಗೆ ಮನುಷ್ಯನೊಬ್ಬನು ಮುದುರಿಕೊಂಡು ಕುಳಿತಿದ್ದನು. ಎರಡು ಖಂಡಗಳ ಜನರನ್ನು ಬೆರಗುಗೊಳಿಸಿದ ಈ ಬೊಂಬೆಯು 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಸಿಕ್ಕಿ ಬೂದಿಯಾಯಿತು.

ಒಳಗೆ ಮನುಷ್ಯನಿಲ್ಲದ ಯಂತ್ರವು ಆಡುವ ಬಗೆ ಹೇಗೆಂಬುದನ್ನು ಶಾಸ್ತ್ರೋಕ್ತವಾಗಿ ವಿವರಿಸಿದವನು ಅಮೆರಿಕದ ಕ್ಲಾಡ್ ಶಾನನ್. 1950ರಲ್ಲಿ ಪ್ರಕಟವಾದ ಅವನ ಲೇಖನದ ಸಾರವನ್ನು ತಿಳಿದ ಹೊರತು ಮುಂದಿನ ಕಥೆಯು ಅರ್ಥವಾಗಲಾರದು. ಆಟದ ಒಂದು ಸ್ಥಿತಿಯಲ್ಲಿ ಸುಮಾರು 30 ನಡೆಗಳು ಸಾಧ್ಯವಿರುತ್ತವೆ. ಒಂದೊಂದಕ್ಕೂ ಎದುರಾಳಿಯ ಉತ್ತರಗಳು ಮತ್ತೆ 30. ಇಬ್ಬರೂ ಒಂದೊಂದು ಸಾರಿ ನಡೆಸುವಷ್ಟರಲ್ಲಿಯೇ ಸಾವಿರದ ಸಮೀಪ ಭೇದಗಳಾಗುವುವು. ಆಟಗಳ ಒಟ್ಟು ಸಂಖ್ಯೆಯು 1ರ ಮುಂದೆ 120 ಸೊನ್ನೆಗಳನ್ನಿಟ್ಟಷ್ಟಾಗುವುದೆಂದು ಶಾನನ್ ಅಂದಾಜುಮಾಡಿದನು. ಆದುದರಿಂದ ಗಣಕಯಂತ್ರವು ಎಷ್ಟೇ ವೇಗವುಳ್ಳದ್ದಾದರೂ ಎಲ್ಲಿಯೋ ಒಂದು ಕಡೆ ಲೆಕ್ಕವನ್ನು ನಿಲ್ಲಿಸಿ, ಆಗ ಮಣೆಯ ಮೇಲೆ ಯಾರ ಕಡೆ ಎಷ್ಟು ಕಾಯಿಗಳಿವೆ, ಅವು ಎಲ್ಲೆಲ್ಲಿವೆ ಎಂದು ಬೆಲೆಕಟ್ಟಬೇಕಾಗುವುದು. ಆ ನಿಲ್ದಾಣದಿಂದಾಚೆಗೆ ಅದು ಕುರುಡು. ಇದನ್ನು ‘ದಿಗಂತದೋಷ’ವೆಂದು ಹೆಸರಿಟ್ಟು ವಿವರಿಸಿದವನು, ಅಂಚೆಯ ಮೂಲಕ ಆಡುವ ಚದುರಂಗದಲ್ಲಿ ಜಗತ್ತನ್ನು ಗೆದ್ದಿದ್ದ ಹ್ಯಾನ್ಸ್ ಬರ್ಲಿನರ್. ತಪ್ಪಿಸಿಕೊಳ್ಳಲಾಗದ ನಷ್ಟವೊಂದು ಎದುರಾದಾಗ ಯಂತ್ರವು ಸಣ್ಣಪುಟ್ಟ ಕಾಯಿಗಳನ್ನು ಬಲಿಕೊಟ್ಟು ಆ ನಷ್ಟವನ್ನು ತನ್ನ ದಿಗಂತದಾಚೆಗೆ ತಳ್ಳುವುದು. ಕಣ್ಣಿಗೆ ಕಾಣದ್ದರಿಂದ ಗಂಡಾಂತರವು ಕಳೆಯಿತೆಂದು ಎಣಿಸುವುದು. ಸಾಲದ ಬಡ್ಡಿಗಾಗಿ ಹೊಸ ಸಾಲವನ್ನು ಮಾಡುವ ಗೃಹಸ್ಥರ ಲೆಕ್ಕವೂ ಇದೇ ತರಹದ್ದು.

ಯಂತ್ರದ ವಿರುದ್ಧ ಮನುಷ್ಯನು ಕಂಡುಕೊಂಡ ಉಪಾಯವೆಲ್ಲವೂ ಈ ಕುರುಡಿನ ಮೇಲೆ ನಿಂತಿದೆ. ಅದನ್ನು ಮೊದಲು ಪಣವೊಡ್ಡಿ ಪರೀಕ್ಷಿಸಿದವನು ಸ್ಕಾಟ್ಲೆಂಡಿನ ಚಾಂಪಿಯನ್ ಡೇವಿಡ್ ಲೆವಿ. ಹತ್ತು ವರ್ಷಗಳೊಳಗೆ ಯಾವ ಯಂತ್ರವೂ ತನ್ನನ್ನು ಪಂದ್ಯದಲ್ಲಿ ಸೋಲಿಸಲಾರದೆಂದು 1968ರಲ್ಲಿ ಅವನು ಜಾನ್ ಮೆಕಾರ್ಥಿ ಮೊದಲಾದ ವಿದ್ವಾಂಸರೊಡನೆ ಪಣ ಕಟ್ಟಿದನು. ಪಣದ ಮೊತ್ತವು ಬೆಳೆಯುತ್ತ 1,250 ಪೌಂಡುಗಳಾಯಿತು. ಗಡುವು ತೀರುವ ಕಾಲಕ್ಕೆ, 1978ರಲ್ಲಿ, ಟೊರಾಂಟೋ ನಗರದಲ್ಲಿ ‘ಚೆಸ್ 4.7’ ಎಂಬ ಕ್ರಮವಿಧಿಯು ಅವನೆದುರಿಗೆ ಬಂದಿತು. ಯಂತ್ರಕ್ಕೆ ಲೆಕ್ಕವನ್ನು ಕಲಿಸುವ ಆಜ್ಞೆಗಳ ಸರಣಿಗೆ ಕ್ರಮವಿಧಿಯೆಂದು ಹೆಸರು. ಲೆವಿಯ ನೀತಿಯು ವಿಚಿತ್ರವಾದುದು: ಏನನ್ನೂ ಮಾಡದಿರಬೇಕು, ಆದರೆ ಅದನ್ನು ಚೆನ್ನಾಗಿ ಮಾಡಬೇಕು. ಕಾಲಾಳುಗಳನ್ನು ಒಂದಕ್ಕೊಂದು ಹೆಣೆದು, ಎಲ್ಲಿಯೂ ಘರ್ಷಣೆಗೆ ಎಡೆಗೊಡದೆ, ಯಂತ್ರವು ದಾರಿ ತಿಳಿಯದೆ ತಾನೇ ತನ್ನ ವ್ಯೂಹವನ್ನು ಕೆಡಿಸಿಕೊಳ್ಳುವ ತನಕ ಕಾಯುವುದು. ಮೊದಲನೆಯ ಆಟದಲ್ಲಿ ಅವನು ಸೋಲಿನ ಅಂಚಿಗೆ ಹೋಗಿ ಹೇಗೋ ಸಮಮಾಡಿಕೊಂಡನು. ಮುಂದಿನ ಎರಡನ್ನು ಗೆದ್ದನು. ನಾಲ್ಕನೆಯದರಲ್ಲಿ ತನ್ನ ನೀತಿಯನ್ನು ಬದಿಗಿಟ್ಟು ಉರಿಯುವ ಆಟವನ್ನೇ ಆರಂಭಿಸಿ ಸೋತನು. ಐದನೆಯದರಲ್ಲಿ ಮತ್ತೆ ಹಳೆಯ ದಾರಿಯನ್ನು ಹಿಡಿದು ಗೆದ್ದು, 3½–1½ ಅಂಕಗಳಿಂದ ಪಣವನ್ನು ತನ್ನದಾಗಿಸಿಕೊಂಡನು. ಗೆಲವೆಲ್ಲವೂ ಮೌನಕ್ಕೆ, ಸೋಲು ಶೌರ್ಯಕ್ಕೆ! ಹನ್ನೊಂದು ವರ್ಷಗಳ ಮೇಲೆ, 1989ರಲ್ಲಿ, ‘ಡೀಪ್ ಥಾಟ್’ ಎಂಬ ಯಂತ್ರವು ಇದೇ ಲೆವಿಯನ್ನು ನಾಲ್ಕಕ್ಕೆ ನಾಲ್ಕು ಆಟಗಳಲ್ಲಿಯೂ ಸೋಲಿಸಿತು.

ಆಮೇಲೆ ರಂಗಕ್ಕೆ ಬಂದವನು ವಿಶ್ವವಿಜೇತನಾದ ಗ್ಯಾರಿ ಕಾಸ್ಪರೋವ್. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ‘ಡೀಪ್ ಬ್ಲೂ’ ಯಂತ್ರದೊಡನೆ ಮೊದಲನೆಯ ಆಟವನ್ನು ಸೋತರೂ, ಬಳಿಕ ಬಿಗಿಯಾದ, ನಿಧಾನವಾದ ಆಟಕ್ಕೆ ಇಳಿದು 4–2ರಿಂದ ಪಂದ್ಯವನ್ನು ಗೆದ್ದನು. ಕಡೆಯ ಆಟದ ಅಂತ್ಯದಲ್ಲಿ ಯಂತ್ರದ ಆನೆಯೂ ಒಂಟೆಯೂ ತಮ್ಮ ಮೂಲೆಯಲ್ಲಿಯೇ ಉಸಿರುಗಟ್ಟಿ ನಿಂತಿದ್ದುವು. ಮರುವರ್ಷ ನ್ಯೂಯಾರ್ಕಿನಲ್ಲಿ ಅದೇ ಯಂತ್ರವು ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಎಣಿಸುವಷ್ಟು ಬಲಿತು ಬಂದಿತು.

ಈ 1997ರ ಪಂದ್ಯದಲ್ಲಿ ನನ್ನ ಗಮನವನ್ನು ಹೆಚ್ಚಾಗಿ ಸೆಳೆಯುವುದು ಯಂತ್ರದ ಬಲವಲ್ಲ. ಮನುಷ್ಯನು ತನ್ನತನವನ್ನು ಬಿಟ್ಟುಕೊಟ್ಟ ರೀತಿ. ಕಾಸ್ಪರೋವನ ಕೀರ್ತಿಯು ನಿಂತಿದ್ದುದು ಮುನ್ನುಗ್ಗಿ ಹೊಡೆಯುವ ಆಟದ ಮೇಲೆ. ಆರಂಭದ ನಡೆಗಳನ್ನು ಅವನಷ್ಟು ಆಳವಾಗಿ ಅಭ್ಯಾಸಮಾಡಿದವರು ವಿರಳ. ಅಂತಹವನು ಮೂರನೆಯ ಆಟದಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ ಆಟವನ್ನಾರಂಭಿಸಿದನು. ಯಂತ್ರದ ಭಂಡಾರದಲ್ಲಿದ್ದ ಸಿದ್ಧ ನಡೆಗಳಿಂದ ಅದನ್ನು ಹೊರಗೆಳೆಯಬೇಕೆಂಬುದೇ ಉದ್ದೇಶ. ಆದರೆ ಯಂತ್ರವು ತನಗೆ ಪರಿಚಿತವಾದ ನೆಲವನ್ನು ಬಿಟ್ಟಿತೆಂದರೆ ಕಾಸ್ಪರೋವನೂ ತನ್ನ ನೆಲವನ್ನು ಬಿಟ್ಟನೆಂದೇ ಅರ್ಥ. ಮೊದಲನೆಯ ಆಟವನ್ನು ಗೆದ್ದು, ಎರಡನೆಯದನ್ನು ಸೋತು, ಮೂರನ್ನು ಸಮಮಾಡಿಕೊಂಡು, ಮೇ 11ರಂದು ಆರನೆಯ ಆಟಕ್ಕೆ ಕುಳಿತವನು ತನಗೆ ರೂಢಿಯಿಲ್ಲದ ಕಾರೋ-ಕಾನ್ ರಕ್ಷಣೆಯನ್ನು ಆಯ್ದುಕೊಂಡನು. ಎಂಟನೆಯ ನಡೆಯಲ್ಲಿ ಯಂತ್ರವು ಕುದುರೆಯನ್ನು ಬಲಿಕೊಟ್ಟಿತು. 19 ನಡೆಗಳಲ್ಲಿ ಎಲ್ಲವೂ ಮುಗಿಯಿತು. ಕೂಡಲೆ ಲಾಭ ಕಾಣದ ಬಲಿಯನ್ನು ಯಂತ್ರವು ಕೊಡಲಾರದೆಂಬುದು ಆ ಕಾಲದ ನಂಬಿಕೆ. ಆದರೆ ಆ ಬಲಿಯು ಯಂತ್ರದ ಸ್ವಂತ ಲೆಕ್ಕದಿಂದ ಬಂದದ್ದಲ್ಲ. ಆರಂಭದ ನಡೆಗಳ ಭಂಡಾರದಲ್ಲಿ ಅದನ್ನು ಮೊದಲೇ ಇರಿಸಿದ್ದವರು ಯಂತ್ರದ ಹಿಂದೆ ದುಡಿಯುತ್ತಿದ್ದ ಚದುರಂಗಪಟುಗಳು. ಕೆಂಪೆಲೆನನ ಪೆಟ್ಟಿಗೆಯೊಳಗಿನ ಮನುಷ್ಯನು ಈ ಒಂದು ನಡೆಯ ಮಟ್ಟಿಗೆ ಮತ್ತೆ ಅಲ್ಲಿ ಬಂದು ಕುಳಿತಿದ್ದನೆಂದರೆ ತಪ್ಪಾಗಲಾರದು.

ಕಾಸ್ಪರೋವನಿಂದ ಪಟ್ಟವನ್ನು ಕಿತ್ತುಕೊಂಡ ವ್ಲಾದಿಮಿರ್ ಕ್ರಾಮ್ನಿಕನ ಸ್ವಭಾವವು ಈ ಉಪಾಯಕ್ಕೆ ಹೆಚ್ಚು ಒಪ್ಪುವಂತಹುದಾಗಿದ್ದಿತು. 2002ರಲ್ಲಿ ಬಹರೇನಿನಲ್ಲಿ ‘ಡೀಪ್ ಫ್ರಿಟ್ಸ್’ ಎಂಬ ಕ್ರಮವಿಧಿಯೊಡನೆ ಆಡುವಾಗ ಅವನು ಮಂತ್ರಿಗಳನ್ನು ಬೇಗನೆ ವಿನಿಮಯಮಾಡಿ, ಸದ್ದಿಲ್ಲದ ಅಂತ್ಯಾಟಗಳಿಗೆ ಯಂತ್ರವನ್ನು ಎಳೆದೊಯ್ದು, ನಾಲ್ಕು ಆಟಗಳಲ್ಲಿ 3–1ರಿಂದ ಮುಂದಾದನು. ಐದನೆಯದನ್ನು ತಪ್ಪುನಡೆಯಿಂದ ಸೋತನು. ಆರನೆಯದರಲ್ಲಿ ಸುಂದರವಾದ ಕುದುರೆಯ ಬಲಿಯೊಂದು ಕಣ್ಣಿಗೆ ಬಿದ್ದಿತು. ಅದನ್ನು ಬಿಡಲಾರದೆ ಕೊಟ್ಟನು, ಸೋತನು. ಪಂದ್ಯವು 4–4 ಆಗಿ ಸಮವಾಯಿತು. ಇಲ್ಲಿ ಕ್ರಾಮ್ನಿಕನನ್ನು ಮೂರ್ಖನೆನ್ನುವುದು ನನ್ನಿಂದಾಗದು. ಆ ಬಲಿಯ ಚೆಲುವನ್ನು ಕಾಣಬಲ್ಲ ಕಣ್ಣೇ ಅವನನ್ನು ಚಾಂಪಿಯನ್ನನನ್ನಾಗಿ ಮಾಡಿದ್ದುದಲ್ಲವೆ?

ಉಪಾಯವು ಪೂರ್ಣವಾಗಿ ಫಲಿಸಿದ ಒಂದು ದಿನವೆಂದರೆ 2003ರ ನವೆಂಬರ್ 16. ಅಂದು ನ್ಯೂಯಾರ್ಕಿನಲ್ಲಿ ಕಾಸ್ಪರೋವನು ಫ್ರಿಟ್ಸಿನೊಡನೆ ಮೂರನೆಯ ಆಟವನ್ನಾಡಿದನು. ಎರಡು ಕಡೆಯ ಕಾಲಾಳುಗಳೂ ಮಣೆಯ ನಡುವೆ ಎದುರುಬದುರಾಗಿ ಸಿಕ್ಕಿ ಗೋಡೆಯಾದುವು. ಇಂತಹ ಸ್ಥಿತಿಯಲ್ಲಿ ಸಾಧಾರಣ ಆಟಗಾರನೂ ಗೋಡೆಯನ್ನು ಎಲ್ಲಿ ಒಡೆಯಬೇಕೆಂದು ಬಲ್ಲನು. ಯಂತ್ರಕ್ಕೆ ತನ್ನ ದಿಗಂತದೊಳಗೆ ಲಾಭವೇನೂ ತೋರದೆ, ಅದು ಕಾಯಿಗಳನ್ನು ಹಿಂದಕ್ಕೂ ಮುಂದಕ್ಕೂ ಸುಮ್ಮನೆ ಸರಿಸುತ್ತಿದ್ದಿತು. ಕಾಸ್ಪರೋವನು ಆತುರವಿಲ್ಲದೆ ಮತ್ತೊಂದು ಪಕ್ಕದಲ್ಲಿ ಬಲವನ್ನು ಕೂಡಿಸಿದನು. 45 ನಡೆಗಳಲ್ಲಿ ಯಂತ್ರದ ಕಡೆಯವರು ಸೋಲನ್ನೊಪ್ಪಿದರು. ಆದರೂ ಪಂದ್ಯವು 2–2 ಆಗಿ ಮುಗಿಯಿತು.

ಅಲ್ಲಿಂದ ಮುಂದೆ ಇಳಿಜಾರು. 2005ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಆಡಮ್ಸನು ‘ಹೈಡ್ರಾ’ ಯಂತ್ರದಿಂದ ಆರು ಆಟಗಳಲ್ಲಿ ಅರ್ಧ ಅಂಕವನ್ನು ಮಾತ್ರ ಪಡೆದನು. 2006ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕನು ಒಂದೇ ನಡೆಯ ಶಹಮಾತನ್ನು ಕಾಣದೆ ಹೋಗಿ, 4–2ರಿಂದ ಸೋತನು. ಲೆವಿಯ ಉಪಾಯವು ಒಮ್ಮೆ ಮಾತ್ರ ವಿನೋದದ ರೂಪದಲ್ಲಿ ಮರಳಿತು: 2008ರಲ್ಲಿ ಹಿಕಾರು ನಕಮುರನು ಮೂರು ನಿಮಿಷದ ಆಟವೊಂದರಲ್ಲಿ, ಆ ಕಾಲದ ಅಗ್ರಗಣ್ಯ ಕ್ರಮವಿಧಿಯಾದ ‘ರಿಬ್ಕಾ’ದ ಮುಂದೆ ಗೋಡೆ ಕಟ್ಟಿ ಕುಳಿತನು. ಕಾಯಿಯೂ ಕೊಲ್ಲಲ್ಪಡದೆ, ಕಾಲಾಳೂ ಚಲಿಸದೆ 50 ನಡೆಗಳಾದರೆ ಆಟವು ಸಮವೆಂಬುದು ನಿಯಮ. ಕಾಯಿಗಳ ಎಣಿಕೆಯಲ್ಲಿ ತಾನೇ ಮೇಲೆಂದು ತಿಳಿದಿದ್ದ ಯಂತ್ರವು ಸಮವನ್ನು ತಪ್ಪಿಸುವುದಕ್ಕಾಗಿ ತನ್ನ ಗೋಡೆಯನ್ನು ತಾನೇ ಒಡೆದುಕೊಂಡಿತು. 271 ನಡೆಗಳ ಆ ಆಟದ ಕೊನೆಯಲ್ಲಿ ನಕಮುರನು ತನ್ನ ಕಾಲಾಳುಗಳನ್ನು ಮಂತ್ರಿಗಳನ್ನಾಗಿ ಏರಿಸದೆ ಬೇಕೆಂದೇ ಒಂಟೆಗಳನ್ನಾಗಿ ಮಾಡಿ ಯಂತ್ರವನ್ನು ಅಣಕಿಸಿದನು.

ಈಗಿನ ಯಂತ್ರಗಳು ಕೋಟ್ಯಂತರ ಆಟಗಳಿಂದ ತಾವೇ ಬೆಲೆಕಟ್ಟುವುದನ್ನು ಕಲಿತಿರುವುದರಿಂದ ಚದುರಂಗದಲ್ಲಿ ಈ ದಾರಿಯು ಮುಚ್ಚಿದಂತೆಯೇ. ಆದರೆ ಚೀನದ ಪುರಾತನ ಆಟವಾದ ‘ಗೋ’ದಲ್ಲಿ ಅದು 2023ರಲ್ಲಿ ಮತ್ತೆ ತೆರೆಯಿತು. ಕೆಲ್ಲಿನ್ ಪೆಲ್ರೀನ್ ಎಂಬ ಅಮೆರಿಕದ ಹವ್ಯಾಸಿಯು ಅತ್ಯಂತ ಪ್ರಬಲವಾದ ಕ್ರಮವಿಧಿಯೊಂದನ್ನು 15 ಆಟಗಳಲ್ಲಿ 14 ಸಾರಿ ಸೋಲಿಸಿದನು. ಮೂಲೆಗಳಲ್ಲಿ ಅದರ ಗಮನವನ್ನು ಸೆಳೆಯುತ್ತ, ಅದರ ಕಲ್ಲುಗಳ ಗುಂಪೊಂದನ್ನು ದೊಡ್ಡ ವರ್ತುಲದಿಂದ ಮೆಲ್ಲನೆ ಸುತ್ತುವುದೇ ಅವನ ಉಪಾಯ. ಸುತ್ತು ಪೂರ್ಣವಾಗುವವರೆಗೂ ಯಂತ್ರವು ಎಚ್ಚರಗೊಳ್ಳುತ್ತಿರಲಿಲ್ಲ. ಈ ಉಪಾಯವನ್ನು ಪೆಲ್ರೀನನು ಕಲಿತದ್ದು, ಆ ಕ್ರಮವಿಧಿಯ ದೋಷವನ್ನು ಹುಡುಕುವುದಕ್ಕೆಂದೇ ರಚಿತವಾಗಿದ್ದ ಮತ್ತೊಂದು ಕ್ರಮವಿಧಿಯ ಆಟಗಳನ್ನು ನೋಡಿ.