ಕಿಟ್ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆಯೇ?

"ಮನೆಯಲ್ಲಿ ಕಿಟ್ ತಂದು ಬಿಯರ್ ಮಾಡಿದರೆ ಮೆಥನಾಲ್ ಹುಟ್ಟಿ ಕಣ್ಣು ಹೋಗುತ್ತದೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಈ ಮಾತು ತಪ್ಪು. ಕಿಟ್‌ನಲ್ಲಿರುವುದು ಬಾರ್ಲಿ ಮಾಲ್ಟಿನ ಪಾಕ, ಹಾಪ್ಸ್ ಮತ್ತು ಯೀಸ್ಟ್. ಯೀಸ್ಟ್ ಸಕ್ಕರೆ ತಿಂದು ಎಥನಾಲ್ ಹಾಗೂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಮೆಥನಾಲ್ ಲೆಕ್ಕಕ್ಕಿಲ್ಲದಷ್ಟು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳ ಸಾರಾಯಿಯ ಕಥೆ ಬೇರೆ. ಅದರಲ್ಲಿ ಮೆಥನಾಲ್ ಬೆರೆತಿತ್ತು.

ಕಿಟ್ ಬಿಯರಿನ ಅಪಾಯ ಬಾಟಲಿಯಲ್ಲಿದೆ. ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದೋಸೆ ಹಿಟ್ಟು ಉಬ್ಬಲು ತಡವಾಗುವುದನ್ನು ನಾವು ನೋಡಿಯೇ ಇದ್ದೇವೆ. ಅದೇ ಚಳಿಗೆ ಬಿಯರಿನ ಯೀಸ್ಟೂ ಮಂಕಾಗುತ್ತದೆ. ಗುಳ್ಳೆ ನಿಂತಿತು, ಕೆಲಸ ಮುಗಿಯಿತು ಎಂದುಕೊಂಡು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ, ಸೆಕೆ ಏರಿದಾಗ ಉಳಿದ ಸಕ್ಕರೆ ಮತ್ತೆ ಹುದುಗುತ್ತದೆ. ಅನಿಲಕ್ಕೆ ದಾರಿಯಿಲ್ಲ, ಗಾಜು ಸಿಡಿಯುತ್ತದೆ. ಕಣ್ಣಿಗೆ ಕುತ್ತು ಬರುವುದು ಹೀಗೆ! ಹುದುಗು ಮುಗಿಯಿತೇ ಎಂದು ತಿಳಿಯಲು ಗುಳ್ಳೆ ನೋಡಿದರೆ ಸಾಲದು. ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸಬೇಕು.

ಫಾರ್ವರ್ಡ್ ಹೇಳದ ಇನ್ನೊಂದು ಮಾತು: 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಅದರಲ್ಲಿ ಸೇರಿದೆ. ಕಿಟ್ ಆನ್‌ಲೈನಿನಲ್ಲಿ ಸಿಕ್ಕಿತೆಂದರೆ ಪರವಾನಗಿ ಸಿಕ್ಕಂತಲ್ಲ.