ಲಾವಕ್ಕಿ ಕಾವಿಗೆ ಯಾಕ ಕೂಡೂದಿಲ್ಲ?

ಬಾಜೂಮನಿ ವೈನಿ ಮೊನ್ನೆ ಹಿತ್ತಲಕ್ಕ ಬಂದವರು ಪಂಜರದಾಗ ಹಣಿಕಿ ಹಾಕಿ, "ಎಂಥಾ ತಾಯಿರೀ ಇದು, ತತ್ತಿ ಹಾಕಿ ತಿರುಗಿ ಸೈತ ನೋಡವಲ್ದು!" ಅಂದ್ರು. ನಾನೂ ಮೊದಲು ಹಂಗ ಅಂದಾಕಿನ. ಮಗ ತಂದುಕೊಟ್ಟ ಜಪಾನಿ ಲಾವಕ್ಕಿ ಜೋಡಿ ಅದು. ಹೆಣ್ಣು ಸಿಕ್ಕಲ್ಲೆ ತತ್ತಿ ಹಾಕಿ ಕಾಳು ಹೆಕ್ಕಲಿಕ್ಕೆ ಹೋಗಿಬಿಡ್ತದ. ಆಮ್ಯಾಲೆ ಓದಿ ತಿಳಕೊಂಡೆ, ತಪ್ಪು ಆಕೀದಲ್ಲ.

ಜಪಾನಿನ್ಯಾಗ ಇದಕ್ಕ ಉಝುರಾ ಅಂತಾರ. ಅಲ್ಲಿಯವರು ಇದನ್ನ ಮೊದಲು ಸಾಕಿದ್ದು ತತ್ತಿಗಲ್ಲ, ದನಿಗೆ. ಗಂಡಿನ ಕೂಗು ಅವರ ಕಿವಿಗೆ "ಗೊಕಿಚ್ಚೋ" ಅಂತ ಕೇಳ್ತಿತ್ತು. ಆ ಮಾತಿಗೆ ಶುಭಶಕುನ ಅಂತ ಅರ್ಥ. ನಾವು ಹಲ್ಲಿ ಲೊಚಗುಟ್ಟಿದ್ರ ಕೃಷ್ಣ ಕೃಷ್ಣ ಅನ್ನೂದಿಲ್ಲೇನು, ಹಂಗ. 1603ರಿಂದ 1868ರ ತನಕ ಎದೋ ಕಾಲ. ಆವಾಗ ಸಮುರಾಯಿಗಳು ತಮ್ಮ ತಮ್ಮ ಹಕ್ಕಿ ತಂದು ಸಿಂಗಾರದ ಪಂಜರದಾಗ ಸಾಲಾಗಿ ಇಟ್ಟು, ಯಾವುದರ ದನಿ ಚಂದ ಅಂತ ಪಂದ್ಯ ನಡಸ್ತಿದ್ರು. ಅದಕ್ಕ ಉಝುರಾ ಅವಾಸೆ ಅಂತ ಹೆಸರು. ಚಂದ ಕೂಗೂ ಗಂಡು ನೋಡಿ ಜೋಡಿ ಮಾಡ್ತಿದ್ರು, ಥೇಟ್ ನಾವು ಮನೆತನ ನೋಡಿಧಂಗ.

1910ರ ಸುಮಾರಿಗೆ ಮಂದಿ ಕಣ್ಣು ತತ್ತಿ ಮ್ಯಾಲೆ ಬಿತ್ತು. ಐಚಿ ಸೀಮೆಯ ತೊಯೊಹಾಶಿ ಊರು ಇವತ್ತಿಗೂ ಲಾವಕ್ಕಿ ತತ್ತಿಗೆ ಹೆಸರುವಾಸಿ. ಕಾವಿಗೆ ಕೂತ ಹೆಣ್ಣು ತತ್ತಿ ಹಾಕೂದು ನಿಲ್ಲಸ್ತದ, ಅದು ವ್ಯಾಪಾರಕ್ಕ ಲುಕ್ಸಾನು. ಹಿಂಗಾಗಿ ಕೂಡಲಾರದ ಹೆಣ್ಣುಗಳ ವಂಶಾನೇ ಬೆಳಸಿದ್ರು, ಮರಿ ಮಾಡೂ ಕೆಲಸ ಕಾವುಪೆಟ್ಟಿಗೆಗೆ ಕೊಟ್ರು. ಹದಿನೇಳು ಹದಿನೆಂಟು ದಿನಕ್ಕ ಮರಿ ಹೊರಗ. ತಾಯ್ತನ ತಾವೇ ಕಸಗೊಂಡು ಈಗ "ಎಂಥಾ ತಾಯಿ" ಅಂದ್ರ ಹೆಂಗ್ರೀ?

ಅಷ್ಟರಾಗ ಎರಡನೇ ಮಹಾಯುದ್ಧ. ಮಂದಿಗೇ ಕಾಳಿಲ್ಲ, ಹಕ್ಕಿಗೆ ಯಾರು ಹಾಕ್ತಾರ. ಸಾಕಿದ ಹಿಂಡು ಬಹುತೇಕ ನಾಶ ಆತು. ನೂರಾರು ವರ್ಷ ಜ್ವಾಪಾನ ಮಾಡಿದ್ದ ಹಾಡುವ ವಂಶ ಹೋಗೇಬಿಡ್ತು. 1945ರ ಮ್ಯಾಲೆ ಉಳಿದ ಸ್ವಲ್ಪ ಹಕ್ಕಿಯಿಂದ ಮತ್ತ ಹಿಂಡು ಕಟ್ಟಿದ್ರು, ಖರೆ ತತ್ತಿಗಂತ. ನಮ್ಮ ದೇಶಕ್ಕ 1974ರಾಗ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ತಂದ್ರು, ಬರೇಲಿ ಹತ್ರ ಇಜತ್‌ನಗರದಾಗ ಸಾಕಿದ್ರು.

ನೀವೂ ಸಾಕೂದಿದ್ರ ಸಾಕಿದ ತಳಿನೇ ತರ್ರಿ. ಹೊಲದ ಲಾವಕ್ಕಿ ಹಿಡಿಯೂದು 1972ರ ಕಾಯ್ದೆ ಪ್ರಕಾರ ಅಪರಾಧ. ಮೂರು ವಾರಕ್ಕ ಗುರುತು ಹತ್ತತದ: ಗಂಡಿನ ಎದಿ ಬರೇ ಕೆಂಪುಗಂದು, ಹೆಣ್ಣಿಂದು ಮಸುಕು, ಮ್ಯಾಲೆ ಕರಿ ಚುಕ್ಕಿ. ಒಂದ ಪಂಜರದಾಗ ಎರಡು ಗಂಡು ಬ್ಯಾಡ, ಕಾದಾಡಿ ರಕ್ತ ಬರ್ತದ. ಒಂದು ಗಂಡಿಗೆ ಒಂದೇ ಹೆಣ್ಣು ಇಟ್ರ ಅದರ ಕುತ್ತಿಗಿ ಪುಕ್ಕ ಎಲ್ಲಾ ಕಿತ್ತಬಿಡ್ತದ, ನಾನು ನೋಡಿ ಕಲಿತದ್ದು. ಎರಡು ಮೂರು ಹೆಣ್ಣು ಇರ್ಲಿ. ಬೆದರಿದ್ರ ನೆಟ್ಟಗ ಮ್ಯಾಲೆ ಹಾರಿ ತಲಿ ಒಡಕೋತಾವ, ಛಾವಣಿಗೆ ಮೆತ್ತನ್ನ ಅರಬಿ ಕಟ್ಟ್ರಿ.

ಹೊಸಾದಾಗಿ ತಂದ ಎರಡು ಹೆಣ್ಣಿನ್ಯಾಗ ಒಂದು, ಮೂಲ್ಯಾಗ ಒಣಹುಲ್ಲು ಹಾಕಿದ ಮ್ಯಾಲೆ, ಮೂರು ದಿನ ತತ್ತಿ ಮ್ಯಾಲೆ ಕೂತಿತ್ತು. ನಾಕನೇ ದಿನ ಎದ್ದು ಹೋತು. ವೈನಿಗೆ ಕೂತಾಗ ಕರದು ತೋರಸಬೇಕಿತ್ತು.