ಬೋಲ್ಟ್ ಥ್ರೆಡ್ ಹೋಗಿದೆಯೇ? ಹೊಸ ಭಾಗ ಕೊಳ್ಳುವ ಮೊದಲು ಇದನ್ನು ಓದಿ

ಯಾದಗಿರಿ: 'ಬೋಲ್ಟ್ ಬರೀ ತಿರಗಲತ್ತದ, ಬಿಗಿ ಆಗವಲ್ದು' ಎಂಬ ಮಾತು ಜಿಲ್ಲೆಯ ಗ್ಯಾರೇಜುಗಳಲ್ಲಿ ಹೊಸದಲ್ಲ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಶಹಾಪುರ, ಸುರಪುರ ಭಾಗದಲ್ಲಿ ಟ್ರ್ಯಾಕ್ಟರ್‌ಗೆ ಬಿಡುವಿರುವುದಿಲ್ಲ. ಆಗ ಒಂದು ಬೋಲ್ಟ್ ಕೈಕೊಟ್ಟರೂ ದಿನದ ದುಡಿಮೆ ಹೋದಂತೆ. ಹಾಗಂತ ಪಾನಾ ಹಾಕಿ ಜೋರು ಮಾಡಿದರೆ ಬೋಲ್ಟಿನ ಜೊತೆ ಹೌಸಿಂಗ್ ಕೂಡ ಹಾಳಾಗಬಹುದು.

ಥ್ರೆಡ್ ಯಾಕೆ ಹೋಗುತ್ತದೆ?

ಅತಿ ಬಿಗಿ, ತುಕ್ಕು, ಅಡ್ಡಡ್ಡ ಹತ್ತಿಸುವುದು ಮುಖ್ಯ ಕಾರಣ. ಇನ್ನೊಂದು, ಸೂತ್ ಮತ್ತು ಮಿಲಿಮೀಟರ್ ಅದಲು ಬದಲಾಗುವುದು. ಒಂದು ಸೂತ್ ಅಂದ್ರೆ ಇಂಚಿನ ಎಂಟನೇ ಒಂದು ಭಾಗ. ಎರಡೂವರೆ ಸೂತ್ ಬೋಲ್ಟಿನ ದಪ್ಪ 7.94 ಮಿ.ಮೀ.; ಕಣ್ಣಿಗೆ 8 ಮಿ.ಮೀ. ಬೋಲ್ಟಿನಂತೆಯೇ ಕಾಣುತ್ತದೆ. ಆದರೆ 8 ಮಿ.ಮೀ.ಯ ಸಾಮಾನ್ಯ ಬೋಲ್ಟಿನಲ್ಲಿ ಥ್ರೆಡ್‌ಗಳ ಅಂತರ 1.25 ಮಿ.ಮೀ., ಸೂತ್ ಬೋಲ್ಟಿನಲ್ಲಿ 1.41 ಮಿ.ಮೀ. ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ.

ರಿಪೇರಿ ಹೇಗೆ?

* ಥ್ರೆಡ್ ಸ್ವಲ್ಪ ಕೆಟ್ಟಿದ್ದರೆ: ರಂಧ್ರಕ್ಕೆ ಟ್ಯಾಪ್, ಬೋಲ್ಟಿಗೆ ಡೈ ಸಾಕು. ಎಣ್ಣೆ ಹಚ್ಚಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಬೇಕು.

* ಪೂರ್ತಿ ಹೋಗಿದ್ದರೆ: ಸುತ್ತ ಲೋಹ ದಪ್ಪವಿದ್ದಲ್ಲಿ ದೊಡ್ಡ ಅಳತೆಗೆ ಹೋಗಬಹುದು. 8ರ ಬದಲು 10 ಮಿ.ಮೀ. ಬೋಲ್ಟ್ ಹಾಕಲು 8.5 ಮಿ.ಮೀ. ಡ್ರಿಲ್ ಹೊಡೆದು, 10ರ ಟ್ಯಾಪ್ ಹಾಕಬೇಕು.

* ಹಳೇ ಅಳತೆಯೇ ಬೇಕಿದ್ದರೆ: ಹೆಲಿಕಾಯಿಲ್ ಒಳ್ಳೆಯದು. ಇದು ಸ್ಪ್ರಿಂಗ್‌ನಂಥ ಸ್ಟೀಲ್ ತಂತಿ. ರಂಧ್ರ ದೊಡ್ಡದು ಮಾಡಿ, ಅದರದೇ ಟ್ಯಾಪ್ ಹಾಕಿ ಕೂರಿಸಿದರೆ ಮೊದಲಿನ ಅಳತೆಯ ಬೋಲ್ಟೇ ಹಿಡಿಯುತ್ತದೆ. ಬೈಕಿನ ಅಲ್ಯೂಮಿನಿಯಂ ಎಂಜಿನ್‌ಗೆ ಇದು ಹೊಂದುತ್ತದೆ.

ಎಂಜಿನ್ ಮೇಲೆ ಕೆಲಸ ಮಾಡುವಾಗ ಟ್ಯಾಪಿಗೆ ಗ್ರೀಸ್ ಹಚ್ಚಿದರೆ ಚೂರು ಅದಕ್ಕೆ ಅಂಟುತ್ತವೆ, ಒಳಗೆ ಬೀಳುವುದು ಕಡಿಮೆ. ಬೀಡಿನ ಭಾಗಕ್ಕೆ ಅವಸರದ ವೆಲ್ಡಿಂಗ್ ಬೇಡ, ಬಿರುಕು ಬಿಡುತ್ತದೆ.

ಇಲ್ಲಿ ರಿಪೇರಿ ಬೇಡ

ಚಕ್ರದ ಸ್ಟಡ್, ಬ್ರೇಕ್, ಸ್ಟೀರಿಂಗ್ ಬೋಲ್ಟುಗಳ ಥ್ರೆಡ್ ಹೋದರೆ ಹೊಸದನ್ನೇ ಹಾಕಿ. ಲೋಡ್ ತುಂಬಿದ ಟ್ರಾಲಿಯ ಚಕ್ರ ರಸ್ತೆಯಲ್ಲಿ ಕಳಚಿದರೆ ಹೋಗುವುದು ಜೀವ.

ಅಂಗಡಿಗೆ ಬರುವಾಗ ಹಳೇ ಬೋಲ್ಟ್ ತನ್ನಿ. ಅಂಗಡಿಯವರು ಅದಕ್ಕೆ ನಟ್ ಹಾಕಿ ನೋಡಿಯೇ ಹೊಸದು ಕೊಡಲಿ. ಜೋಡಿಸುವಾಗ ಮೊದಲ ಮೂರ್ನಾಲ್ಕು ಸುತ್ತು ಬೆರಳಿನಿಂದಲೇ ಹೋಗಬೇಕು. ಆಮೇಲೆ ಪಾನಾ.